ಆಕ್ಸಿಜನ್ ಸೆನ್ಸರ್ ವೈರ್: ಬಣ್ಣ, ಓಮ್, ಬೆಂಕಿ – ಯಾವುದನ್ನು ಎಷ್ಟು ನಂಬಬಹುದು?

ಆಕ್ಸಿಜನ್ ಸೆನ್ಸರ್ ಎಂದರೆ ಇಂಜಿನ್ ಹೊಗೆಯಲ್ಲಿನ ಆಮ್ಲಜನಕವನ್ನು ಅಳೆದು ಇಸಿಯುಗೆ (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತಿಳಿಸುವ ಭಾಗ. ಕಪ್ಲರ್ (ಸಿಕ್ಕಿಸುವ ಕನೆಕ್ಟರ್) ಇಲ್ಲದ, ಹಲವು ಕಾರುಗಳಿಗೆ ಹೊಂದುವ ಯೂನಿವರ್ಸಲ್ ಸೆನ್ಸರ್ ತಂದರೆ ಅದರ ನಾಲ್ಕು ವೈರ್ – ತುದಿ ಕಾಯಿಸುವ ಹೀಟರ್‌ಗೆ ಎರಡು, ಸಿಗ್ನಲ್ ಒಂದು, ಅದರ ಗ್ರೌಂಡ್ ಒಂದು – ಗುರುತಿಸಲು ಮೂರು ದಾರಿ. ಮೂರನ್ನೂ ಮಾಡಿ ನೋಡಿದ ಮೇಲೆ ಹೇಳುವುದಾದರೆ, ಬಣ್ಣಕ್ಕೆ ಕಡೆಯ ಸ್ಥಾನ.

ಬಾಷ್ ಮಾದರಿಯಲ್ಲಿ ಎರಡು ಬಿಳಿ ಹೀಟರ್, ಕಪ್ಪು ಸಿಗ್ನಲ್, ಬೂದು ಸಿಗ್ನಲ್ ಗ್ರೌಂಡ್. ಟೊಯೊಟಾಗೆ ಬರುವ ಡೆನ್ಸೋದಲ್ಲಿ ಎರಡು ಕಪ್ಪು ಹೀಟರ್, ನೀಲಿ ಸಿಗ್ನಲ್, ಬಿಳಿ ಗ್ರೌಂಡ್. ಹೋಂಡಾದಲ್ಲಿ ಸಾಮಾನ್ಯವಾಗಿ ಕಪ್ಪು ಜೋಡಿ ಹೀಟರ್, ಬಿಳಿ ಸಿಗ್ನಲ್, ಹಸಿರು ಗ್ರೌಂಡ್. ಬಿಳಿ ವೈರಿಗೆ ಮೂರು ಕಡೆ ಮೂರು ಕೆಲಸ! ಟೊಯೊಟಾದ ಕಪ್ಪು ವೈರಿಗೆ ಬಾಷ್‌ನ ಕಪ್ಪು ಸೇರಿಸಿದರೆ ಸೆನ್ಸರ್‌ನ ಸಿಗ್ನಲ್ ವೈರಿಗೆ ಹೀಟರ್‌ನ 12 ವೋಲ್ಟ್ ಬಂದೀತು. ಬಣ್ಣದಿಂದ ನೆಚ್ಚಬಹುದಾದದ್ದು ಒಂದೇ: ಒಂದೇ ಬಣ್ಣದ ಜೋಡಿ ಇದ್ದರೆ ಅದು ಹೀಟರ್.

ಅದನ್ನೂ ಓಮ್ ಮೀಟರ್ ಖಚಿತಪಡಿಸುತ್ತದೆ. ಸೆನ್ಸರ್ ತಣ್ಣಗಿರಲಿ, ಮೀಟರ್ 200 ಓಮ್ ರೇಂಜ್‌ನಲ್ಲಿರಲಿ. ಎರಡೆರಡಾಗಿ ಹಿಡಿದರೆ ಆರು ಜೋಡಿಯಲ್ಲಿ ಒಂದೇ ಜೋಡಿ ಸುಮಾರು 3ರಿಂದ 15 ಓಮ್ ತೋರಿಸುತ್ತದೆ. ಹೀಟರ್ ವೈರ್ ತಿರುಗುಮುರುಗಾದರೂ ತೊಂದರೆಯಿಲ್ಲ. ಯಾವ ಜೋಡಿಯೂ ತೋರಿಸದಿದ್ದರೆ ಹೀಟರ್ ಸುಟ್ಟಿದೆ. ಉಳಿದೆರಡರಲ್ಲಿ ಒಂದು ಸೆನ್ಸರ್‌ನ ಲೋಹದ ಮೈಗೆ ಕಂಟಿನ್ಯುಟಿ (ನೇರ ವಿದ್ಯುತ್ ಸಂಪರ್ಕ) ಕೊಟ್ಟರೆ ಅದೇ ಗ್ರೌಂಡ್. ಆದರೆ ಎಷ್ಟೋ ಸೆನ್ಸರ್‌ಗಳಲ್ಲಿ ಗ್ರೌಂಡ್ ಮೈಗೆ ತಾಗಿರುವುದಿಲ್ಲ. ಅಲ್ಲಿ ಓಮ್ ಮೀಟರ್ ಕೈಚೆಲ್ಲುತ್ತದೆ.

ಆಗ ಬೆಂಕಿಯೇ ಗತಿ. ಷಡ್ಭುಜದ ಭಾಗವನ್ನು ವೈಸ್‌ಗೆ ಕಚ್ಚಿಸಿ, ಹೀಟರ್‌ಗೆ 5 ಆಂಪಿಯರ್ ಫ್ಯೂಸ್ ಮೂಲಕ 12 ವೋಲ್ಟ್ ಕೊಡಿ. ಮೀಟರನ್ನು ಡಿ.ಸಿ. 2 ವೋಲ್ಟ್‌ಗೆ ಇಟ್ಟು ಉಳಿದೆರಡು ವೈರಿಗೆ ಜೋಡಿಸಿ. ಗ್ಯಾಸ್ ಟಾರ್ಚ್‌ನ ಜ್ವಾಲೆಯೊಳಗೆ ಸೆನ್ಸರ್‌ನ ತುದಿಯಷ್ಟನ್ನೇ ಹಿಡಿಯಿರಿ, ವೈರ್ ಕಡೆಗೆ ಬಿಸಿ ಹೋಗಬಾರದು. ತುದಿ 350 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾದಾಗ 0.6ರಿಂದ 0.9 ವೋಲ್ಟ್ ಬರುತ್ತದೆ. ಪ್ಲಸ್ ತೋರಿಸಿದರೆ ಕೆಂಪು ಲೀಡ್ ಹಿಡಿದದ್ದು ಸಿಗ್ನಲ್. ಮೈನಸ್ ಬಂದರೆ ಅದು ಗ್ರೌಂಡ್. ಜ್ವಾಲೆ ತೆಗೆದಾಗ ವೋಲ್ಟ್ ಥಟ್ಟನೆ ಇಳಿಯಬೇಕು. ತೂಕಡಿಸುತ್ತಾ ಇಳಿದರೆ ಆ ಸೆನ್ಸರ್ ಹಾಕುವುದೇ ಬೇಡ. ಗುರುತಿಸುವಿಕೆಯ ಜೊತೆ ಪರೀಕ್ಷೆಯೂ ಆಗುವ ಏಕೈಕ ವಿಧಾನ ಇದು, ತಾಪತ್ರಯವೂ ಇದರಲ್ಲೇ ಹೆಚ್ಚು.

ಕಾರಿನ ಕಡೆಯ ವೈರಿಂಗ್‌ನ ಬಣ್ಣ ಬೇರೆಯೇ ಇರುತ್ತದೆ. ಕೀ ಆನ್ ಮಾಡಿ ಡಿಜಿಟಲ್ ಮೀಟರ್‌ನಿಂದ ನೋಡಿ: 12 ವೋಲ್ಟ್ ಇರುವುದು ಹೀಟರ್ ಸಪ್ಲೈ. ಕೆಲವು ಕಾರುಗಳಲ್ಲಿ ಇಂಜಿನ್ ಸ್ಟಾರ್ಟ್ ಆದ ಮೇಲಷ್ಟೇ ಇದು ಬರುತ್ತದೆ. 0.45 ವೋಲ್ಟ್ ಹತ್ತಿರ ಇದ್ದರೆ ಸಿಗ್ನಲ್, ಆದರೆ ಎಲ್ಲ ಇಸಿಯುಗಳೂ ಈ ವೋಲ್ಟ್ ಕೊಡುವುದಿಲ್ಲ. ಮೀಟರ್ ಬದಲು ಟೆಸ್ಟ್ ಲ್ಯಾಂಪ್ (ಬಲ್ಬಿನ ಟೆಸ್ಟರ್) ಮಾತ್ರ ಹಚ್ಚಬೇಡಿ, ಇಸಿಯುಗೆ ಕುತ್ತು.

ಐದು ವೈರ್ ಕಂಡರೆ ಇದ್ಯಾವುದೂ ಲಾಗೂ ಇಲ್ಲ, ಅದು ವೈಡ್‌ಬ್ಯಾಂಡ್, ಅಂದರೆ ಗಾಳಿ-ಇಂಧನದ ಅನುಪಾತವನ್ನು ಹೆಚ್ಚು ವ್ಯಾಪ್ತಿಯಲ್ಲಿ ಅಳೆಯುವ ಬೇರೆ ಬಗೆಯ ಸೆನ್ಸರ್. ಆ ಬಗೆಯ ಬಾಷ್ ಎಲ್‌ಎಸ್‌ಯು 4.9ರಲ್ಲಿ ಬೂದು ವೈರಿಗೇ ಹೀಟರ್‌ನ 12 ವೋಲ್ಟ್.

ಜೋಡಿಸುವಾಗ ಬೆಸುಗೆ ಬೇಡ. ಹಲವು ಸೆನ್ಸರ್‌ಗಳು ಹೋಲಿಕೆಗೆ ಬೇಕಾದ ಹೊರಗಾಳಿಯನ್ನು ವೈರ್ ಎಳೆಗಳ ನಡುವಿನಿಂದಲೇ ಎಳೆದುಕೊಳ್ಳುತ್ತವೆ. ಸೀಸ, ಫ್ಲಕ್ಸ್ ಆ ದಾರಿ ಮುಚ್ಚುತ್ತವೆ. ಕ್ರಿಂಪ್ ಮಾಡಿ, ನಾಲ್ಕು ಜಾಯಿಂಟ್‌ಗಳನ್ನು ಒಂದೇ ಸಾಲಿಗೆ ತರದೆ ಹಿಂದೆಮುಂದೆ ಮಾಡಿ, ಸೈಲೆನ್ಸರ್ ಪೈಪಿನಿಂದ ದೂರ ಕಟ್ಟಿ.