ಮದ್ಯವರ್ಜನ ಶಿಬಿರ: ಅಪ್ಪನಿಗೆ ನಾಲ್ಕು ಸ್ಟಾರ್, ಮಗುವಿಗೆ ಒಂದು

ಸೋಮವಾರಪೇಟೆ ಕಡೆಯ ನಮ್ಮೂರ ಸಮುದಾಯ ಭವನದಲ್ಲಿ ಒಂದು ವಾರದ ಮದ್ಯವರ್ಜನ ಶಿಬಿರ ನಡೆಯಿತು. ನಾನು ಅಂಗನವಾಡಿ ಟೀಚರ್. ನಮ್ಮಲ್ಲಿಗೆ ಬರುವವರು ಹೆಚ್ಚಾಗಿ ಕಾಫಿ ತೋಟದ ಲೈನ್‌ಮನೆ ಮಕ್ಕಳು. ಅವರ ಅಪ್ಪಂದಿರನ್ನು ಒಪ್ಪಿಸಿ ಕಳಿಸುವ ಕೆಲಸ ನನಗೂ ಆಶಾ ಕಾರ್ಯಕರ್ತೆಗೂ ಬಿತ್ತು.

ಮೊದಲು ಚೆನ್ನಾಗಿದ್ದದ್ದು ಹೇಳುತ್ತೇನೆ. ಸೇರಿಸಿಕೊಳ್ಳುವ ಮುಂಚೆ ಡಾಕ್ಟರ್ ತಪಾಸಣೆ ಇತ್ತು. ಹಿಂದೆ ಕುಡಿತ ಬಿಟ್ಟಾಗ ಫಿಟ್ಸ್ ಬಂದಿದ್ದವರನ್ನು ನೇರ ಆಸ್ಪತ್ರೆಗೆ ಕಳಿಸಿದರು. ದಿನಾ ವಿಪರೀತ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಮೊದಲ ಎರಡು-ಮೂರು ದಿನ ಜೀವಕ್ಕೇ ಅಪಾಯ ಆಗಬಹುದು, ಅದು ಇವರಿಗೆ ಗೊತ್ತಿತ್ತು. ಕೈ ನಡುಕಕ್ಕೆ ಮಾತ್ರೆ, ವಿಟಮಿನ್ ಬಿ1 ಇಂಜೆಕ್ಷನ್, ಹೊತ್ತಿಗೆ ಸರಿಯಾಗಿ ಊಟ. ಭಜನೆ ಸ್ವಲ್ಪ ಜಾಸ್ತಿಯಾಯಿತು ಅಂತ ನನಗನ್ನಿಸಿತು, ಹೋದವರು ಯಾರೂ ಹಾಗನ್ನಲಿಲ್ಲ. ಬಿಟ್ಟವರು ವಾರಕ್ಕೊಮ್ಮೆ ಸೇರುವ ಏರ್ಪಾಡೂ ಇದೆ.

ನನ್ನ ತಕರಾರು ಮಕ್ಕಳ ವಿಷಯದಲ್ಲಿ. ಮನೆಯವರನ್ನು ಕರೆಸಿದ ದಿನ ಹೆಂಡತಿಯರು ಒಳಗೆ, ಮಕ್ಕಳು ಜಗಲಿಯಲ್ಲಿ ಬಿಸ್ಕೆಟ್ ಹಿಡಿದುಕೊಂಡು. ಭಾಷಣದಲ್ಲಿ ‘ಮಕ್ಕಳ ಭವಿಷ್ಯ’ ಅಂತ ಒಂದು ಮಾತು ಬಂತು, ಅಷ್ಟೇ.

ನಮ್ಮಲ್ಲಿ ನಾಲ್ಕು ವರ್ಷದ ಹುಡುಗನೊಬ್ಬನಿದ್ದಾನೆ. ರಸ್ತೆಯಲ್ಲಿ ಬೈಕ್ ಸದ್ದಾದರೆ ಆಟ ಬಿಟ್ಟು ಬಾಗಿಲಿಗೆ ಓಡಿ ಚಪ್ಪಲಿ ಎತ್ತಿಕೊಳ್ಳುತ್ತಾನೆ. ಕಾಲಿಗೆ ಹಾಕುವುದಿಲ್ಲ, ಎದೆಗೆ ಅವಚಿಕೊಂಡು ನಿಲ್ಲುತ್ತಾನೆ. ಅವನಮ್ಮನನ್ನು ಕೇಳಿದೆ. “ರಾತ್ರಿ ಅವರು ಬರೋ ಸದ್ದು ಕೇಳಿದ್ರೆ ಹಿಂಬಾಗಿಲಿಂದ ಪಕ್ಕದ್ಮನೆಗೆ ಹೋಗ್ತೀವಲ್ಲ ಟೀಚರ್, ಚಪ್ಪಲಿ ಮರೀಬೇಡ ಅಂತ ನಾನೇ ಹೇಳಿಕೊಟ್ಟಿದ್ದೆ” ಅಂದಳು. ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಹಾಡು ಹೇಳಿಸುವ ಹೊತ್ತಿಗೆ ತೂಕಡಿಕೆ. ಎರಡು ಪದ ಜೋಡಿಸಿ ಹೇಳಲು ಒದ್ದಾಡುತ್ತಾನೆ. ಕಿವಿ ಸದಾ ಬಾಗಿಲ ಕಡೆಗಿರುವ ಮಗುವಿಗೆ ಮಾತು, ಎಣಿಕೆ ಎಲ್ಲಿಂದ ಹತ್ತಬೇಕು?

ಅಪ್ಪ ಶಿಬಿರ ಮುಗಿಸಿ ಬಂದ, ಕುಡಿಯುತ್ತಿಲ್ಲ, ನಿಜಕ್ಕೂ ಸಂತೋಷ. ಹುಡುಗ ಮಾತ್ರ ಈಗಲೂ ಚಪ್ಪಲಿ ಎತ್ತುತ್ತಾನೆ. “ಬಿಟ್ಟೆನಲ್ಲ, ಇನ್ನೂ ಯಾಕೆ ಹೆದರ್ತಾನೆ?” ಅಂತ ಅಪ್ಪನಿಗೆ ಸಿಟ್ಟು. ಮಗುವಿನ ಭಯ ಇಳಿಯಲು ತಿಂಗಳುಗಟ್ಟಲೆ ಬೇಕಾಗಬಹುದು, ಅಲ್ಲಿಯವರೆಗೆ ದನಿ ಏರಿಸಬೇಡ ಅಂತ ಆ ಒಂದು ವಾರದಲ್ಲಿ ಯಾರಾದರೂ ಅವನಿಗೆ ಹೇಳಬೇಕಿತ್ತು.

ಇನ್ನೊಂದು, ಗೋಡೆಯ ಮೇಲೆ ಲಿವರ್ ಚಿತ್ರ ದೊಡ್ಡದಾಗಿತ್ತು, ಬಸುರಿಯ ಚಿತ್ರ ಇರಲೇ ಇಲ್ಲ. ಹೆಂಗಸರು ಕುಡಿಯುವುದೇ ಇಲ್ಲ ಅನ್ನುವ ಹಾಗೆ. ಬಸುರಿ ಕುಡಿದದ್ದು ಹೊಕ್ಕುಳಬಳ್ಳಿಯ ಮೂಲಕ ಮಗುವಿಗೂ ಹೋಗುತ್ತದೆ, ಅದನ್ನು ಅರಗಿಸುವ ಶಕ್ತಿ ಮಗುವಿನ ಲಿವರಿಗಿಲ್ಲ. ಮಿದುಳು ಒಂಬತ್ತೂ ತಿಂಗಳು ಬೆಳೆಯುತ್ತಿರುತ್ತದೆ. ಇಷ್ಟು ಕುಡಿದರೆ ಪರವಾಗಿಲ್ಲ ಅನ್ನುವ ಅಳತೆ ಇಲ್ಲ. ಬಸುರಿಯ ಕುಡಿತದಿಂದ ಮಗುವಿಗಾಗುವ ಈ ತೊಂದರೆಗೆ ಅಮೆರಿಕದ ಸಿಯಾಟಲ್‌ನ ವೈದ್ಯರು ‘ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್’ ಅಂತ ಹೆಸರಿಟ್ಟದ್ದೇ 1973ರಲ್ಲಿ. ಕೆಲವು ಮಕ್ಕಳಿಗೆ ಮೇಲ್ದುಟಿ ತೆಳು, ಮೂಗಿನ ಕೆಳಗಿನ ಗೀರು ಮಾಸಿರುತ್ತದೆ. ಹೆಚ್ಚಿನವರ ಮುಖದಲ್ಲಿ ಏನೂ ಕಾಣುವುದಿಲ್ಲ, ಕೂತಲ್ಲಿ ಕೂರುವುದಿಲ್ಲ, ಕಲಿಸಿದ್ದು ನಿಲ್ಲುವುದಿಲ್ಲ, ‘ತುಂಟ’ ಅನ್ನಿಸಿಕೊಳ್ಳುತ್ತವೆ. ಬಾಣಂತಿಗೆ ಬ್ರಾಂಡಿ, ಕೂಸಿನ ಶೀತಕ್ಕೆ ಅರ್ಧ ಚಮಚ ಕೊಡುವ ಅಭ್ಯಾಸವೂ ಇದೆ. ಲೈನ್‌ಮನೆಯಲ್ಲಿ ಮಾತ್ರ ಅಂದುಕೊಳ್ಳಬೇಡಿ, ಬಂಗಲೆಗಳಲ್ಲೂ ಕಂಡಿದ್ದೇನೆ. ಕೂಸಿಗೆ ಅಷ್ಟರಿಂದಲೇ ಸಕ್ಕರೆ ಅಂಶ ಕುಸಿಯಬಹುದು.

ಆ ಹುಡುಗನ ಹೆಸರನ್ನು ಅಂಗನವಾಡಿಗೆ ವರ್ಷಕ್ಕೆರಡು ಸಲ ಮಕ್ಕಳ ಆರೋಗ್ಯ ತಪಾಸಣೆಗೆ ಬರುವ ಸರ್ಕಾರದ ಆರ್‌ಬಿಎಸ್‌ಕೆ ತಂಡಕ್ಕೆ ಬರೆಸಿದ್ದೇನೆ, ಮಾತಿನ ತರಬೇತಿಗೆ ಮೈಸೂರಿನ ವಾಕ್-ಶ್ರವಣ ಸಂಸ್ಥೆಗೆ ಹೋಗಿ ಬರಲು ಅವನಮ್ಮನೂ ಒಪ್ಪಿದ್ದಾಳೆ. ಶಿಬಿರದವರು ಈ ದಾರಿಯನ್ನೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ನಂಬರನ್ನೂ ಒಂದು ಚೀಟಿಯಲ್ಲಿ ಬರೆದು ಹೆಂಡತಿಯರ ಕೈಗೆ ಕೊಟ್ಟಿದ್ದರೆ ಎಷ್ಟೋ ಆಗುತ್ತಿತ್ತು.

ನಿಮ್ಮ ಮನೆಯವರನ್ನು ಧಾರಾಳವಾಗಿ ಕಳಿಸಿ. ಮುಂದಿನ ಸಲ ಇಲ್ಲಿ ಶಿಬಿರ ಇಟ್ಟರೆ ಮಕ್ಕಳಿಗೊಂದು ಕೋಣೆ, ಒಂದು ಚಾಪೆ, ನಾಲ್ಕು ಆಟಿಕೆ ಇರಲಿ. ಅಂಗನವಾಡಿಯಿಂದ ನಾನೇ ತರುತ್ತೇನೆ.