ಡಿಆರ್ ಸೇವೆ ತಗೊಂಡು ಒಂದು ವರ್ಷ: 5ಕ್ಕೆ 3

ನಮ್ಮದು ಪೀಣ್ಯದ ಸಣ್ಣ ಕಂಪನಿ. ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡುತ್ತೇವೆ. ಸರ್ವರ್ ಇರುವುದು ವೈಟ್‌ಫೀಲ್ಡ್ ಕಡೆ. 2022ರ ಸೆಪ್ಟೆಂಬರ್ ಮಳೆಗೆ ಔಟರ್ ರಿಂಗ್ ರೋಡ್ ಮುಳುಗಿ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರಲ್ಲ, ಆವಾಗ ಸರ್ವರ್‌ಗೆ ಏನೂ ಆಗಲಿಲ್ಲ, ಆದರೆ ಏನಾದರೂ ಆಗಿದ್ದರೆ ನಮ್ಮ ಹುಡುಗರು ಅಲ್ಲಿಗೆ ತಲುಪೋಕೆ ದಾರಿಯೇ ಇರಲಿಲ್ಲ. ಆ ಭಯ ಹೋಗಲೇ ಇಲ್ಲ. ಕೊನೆಗೆ ಕಳೆದ ವರ್ಷ ಬೇರೆ ಊರಿನಲ್ಲಿ ಇನ್ನೊಂದು ಪ್ರತಿ ಇಟ್ಟು, ಮೇನ್ ಸರ್ವರ್ ಕೆಟ್ಟರೆ ಅಲ್ಲಿಂದ ಕೆಲಸ ಶುರು ಮಾಡಿಸುವ ಡಿಆರ್ (ಡಿಸಾಸ್ಟರ್ ರಿಕವರಿ) ಸೇವೆ ತಗೊಂಡೆವು. ಕಂಪನಿ ಹೆಸರು ಬೇಡ.

ಒಪ್ಪಂದದಲ್ಲಿ ಇದ್ದದ್ದು ಎರಡು ಮಾತು. ಡೇಟಾ ಹೋದರೆ 15 ನಿಮಿಷದ್ದು ಮಾತ್ರ, 4 ಗಂಟೆಯಲ್ಲಿ ಎಲ್ಲ ಮತ್ತೆ ಶುರು. ಒಂದು ಭಾನುವಾರ ಬೆಳಿಗ್ಗೆ 6ಕ್ಕೆ ಬೇಕಂತಲೇ ಮೇನ್ ಸರ್ವರ್ ಆಫ್ ಮಾಡಿ ಡ್ರಿಲ್ ಮಾಡಿದೆವು.

ಮೊದಲ ಪೆಟ್ಟು ಡಿಆರ್ ಸೇವೆಯ ಲಾಗಿನ್‌ನಲ್ಲೇ. ಓಟಿಪಿ ಬರುವುದು ನಮ್ಮ ಇಮೇಲ್‌ಗೆ, ಇಮೇಲ್ ಸರ್ವರನ್ನು ಈಗಷ್ಟೇ ನಾವೇ ಆಫ್ ಮಾಡಿದ್ದೇವೆ! ಏನೇನು ಮಾಡಬೇಕು ಅಂತ ಬರೆದಿಟ್ಟ ರನ್‌ಬುಕ್ಕೂ ಅದರಲ್ಲೇ. ಇದು ನಮ್ಮದೇ ತಪ್ಪು, ಒಪ್ಪುತ್ತೇನೆ.

ಡೇಟಾಬೇಸ್ ಮಾತ್ರ ಚೆನ್ನಾಗಿ ಬಂತು. 11 ನಿಮಿಷದ ಡೇಟಾ ಅಷ್ಟೇ ಹೋಗಿತ್ತು. ಆದರೆ ಅಂಗಡಿಯವರ ಹಳೆ ಬಿಲ್ಲುಗಳ 600 ಜಿಬಿ ಫೈಲ್‌ಗಳನ್ನು ಅಗ್ಗದ ಸ್ಟೋರೇಜಿನಲ್ಲಿ ಹಾಕಿ, ಅಲ್ಲಿಂದ 100 ಎಂಬಿಪಿಎಸ್ ಲೈನಿನಲ್ಲಿ ತರಬೇಕಂತೆ. ಲೆಕ್ಕ ಹಾಕಿ ನೋಡಿ, ಲೈನ್ ಪೂರ್ತಿ ನಮಗೇ ಸಿಕ್ಕರೂ 13 ಗಂಟೆ ಮೇಲೆ. ಕೇಳಿದರೆ "ಸಾರ್, 4 ಗಂಟೆ ಡೇಟಾಬೇಸ್‌ಗೆ ಮಾತ್ರ" ಅಂದರು. ಸೇಲ್ಸ್‌ನವರು ಬಂದಾಗ ಈ ಮಾತು ಬಾಯಿಂದ ಬಂದಿರಲಿಲ್ಲ.

ದೊಡ್ಡದು ಅಂತ ಪಕ್ಕಕ್ಕಿಟ್ಟದ್ದೇ ಕೈ ಕೊಡುವುದು. ದಕ್ಷಿಣ ಕೊರಿಯಾದ ಡೇಜಿಯಾನ್‌ನಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರಿ ಡೇಟಾ ಸೆಂಟರಿನ ಲಿಥಿಯಂ ಬ್ಯಾಟರಿಗೆ ಬೆಂಕಿ ಬಿತ್ತಲ್ಲ, ನೌಕರರ 858 ಟೆರಾಬೈಟ್ ಫೈಲ್‌ಗಳಿಗೆ ಹೊರಗೆ ಬ್ಯಾಕಪ್ಪೇ ಇರಲಿಲ್ಲ, ಕಾರಣ ಅಷ್ಟು ದೊಡ್ಡದು ಅಂತ. 2021ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟಾಗ, ಬ್ಯಾಕಪ್ಪನ್ನೂ ಅಲ್ಲೇ ಇಟ್ಟಿದ್ದವರಿಗೆ ಎರಡೂ ಹೋಯಿತು. ಹಾಗಾಗಿ ಪ್ರತಿ ಯಾವ ಊರಲ್ಲಿದೆ ಅಂತ ಕೇಳಿದರೆ ಸಾಲದು, ಯಾವುದರ ಪ್ರತಿ ಇಲ್ಲ ಅಂತಲೂ ಕೇಳಿ.

ಇನ್ನೊಂದು, ಡಿಎನ್‌ಎಸ್ ಟಿಟಿಎಲ್, ಅಂದರೆ ನಮ್ಮ ಸರ್ವರಿನ ವಿಳಾಸವನ್ನು ಮತ್ತೆ ಕೇಳದೆ ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದು ಅನ್ನುವ ಅವಧಿ, 24 ಗಂಟೆ ಇತ್ತು. ಹೊಸ ಸರ್ವರ್ ಎದ್ದು ಕೂತರೂ ಎಷ್ಟೋ ಅಂಗಡಿಗಳು ಹಳೇ ಬಾಗಿಲನ್ನೇ ತಟ್ಟುತ್ತಿದ್ದವು. ಈಗ 5 ನಿಮಿಷಕ್ಕೆ ಇಳಿಸಿದ್ದೇವೆ.

ಸಪೋರ್ಟ್ ಹುಡುಗ ಒಳ್ಳೆಯವನು. ಇಡೀ ದಿನ ಫೋನ್ ಇಡಲಿಲ್ಲ, ಪಾಪ. ಮೂರು ತಿಂಗಳ ನಂತರದ ಡ್ರಿಲ್‌ನಲ್ಲಿ ಫೈಲ್‌ಗಳೂ ಸೇರಿ 3 ಗಂಟೆ 10 ನಿಮಿಷಕ್ಕೆ ಎಲ್ಲ ಎದ್ದಿತು. ಆದರೆ ಲೈನ್ ಹೆಚ್ಚಿಸಿದ್ದಕ್ಕೆ ಬೇರೆ ದುಡ್ಡು, ವರ್ಷಕ್ಕೆ ಒಂದೇ ಡ್ರಿಲ್ ಫ್ರೀ, ಎರಡನೆಯದಕ್ಕೂ ದುಡ್ಡು. ಮೇನ್ ಸರ್ವರ್‌ಗೆ ವಾಪಸ್ ಬರುವ ಕೆಲಸ ಅವರ ಪ್ಯಾಕೇಜಿನಲ್ಲೇ ಇಲ್ಲ, ಅದಕ್ಕೆ ನಾವೇ ರಾತ್ರಿಯಿಡೀ ಕೂತೆವು.

ಬಿಡುವುದಿಲ್ಲ, ಮುಂದುವರಿಸುತ್ತೇವೆ. ಓಟಿಪಿ ಈಗ ಇಬ್ಬರ ಮೊಬೈಲ್‌ಗೆ ಬರುತ್ತದೆ. ರನ್‌ಬುಕ್ ಪ್ರಿಂಟ್ ನನ್ನ ಸ್ಕೂಟರ್ ಡಿಕ್ಕಿಯಲ್ಲಿದೆ, ರೇನ್‌ಕೋಟ್ ಕೆಳಗೆ.