ಥಾಯ್ಲೆಂಡ್, ವಿಯೆಟ್ನಾಂ, ನೇಪಾಳ: ಬೈಕ್ ಸವಾರಿಗೆ ಯಾವುದು?

ಆಗುಂಬೆ ಘಾಟಿಯಲ್ಲಿ ಮಳೆಗಾಲದಲ್ಲೂ ಓಡಿಸಿದ ಕೈ ನಿಮ್ಮದು, ಸರಿ. ಆದರೆ ಹೊರದೇಶದಲ್ಲಿ ಪೊಲೀಸರು ಮೊದಲು ಕೇಳುವುದು ಕಾಗದ, ಅಲ್ವಾ?

ರಜೆ ಕಡಿಮೆ ಇದ್ದರೆ ಥಾಯ್ಲೆಂಡ್. ನಮ್ಮ ಲೈಸೆನ್ಸ್ ಜೊತೆ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಬೇಕು. ಶಿವಮೊಗ್ಗದ ಆರ್‌ಟಿಒದಲ್ಲೇ ಮಾಡಿಸಬಹುದು, ಶುಲ್ಕ 1,000 ರೂಪಾಯಿ, ಹೆಚ್ಚೆಂದರೆ ಒಂದು ವರ್ಷ ನಡೆಯುತ್ತದೆ. ಅದರಲ್ಲಿ ಬೈಕ್ ವರ್ಗವೂ ಇರಲೇಬೇಕು, ಬರೀ ಕಾರಿನದು ಸಾಲದು.

ವಿಯೆಟ್ನಾಂನಲ್ಲಿ ಇದೇ ಪರವಾನಗಿ ನಡೆಯುವುದಿಲ್ಲ. ಭಾರತ ಕೊಡುವುದು ರಸ್ತೆ ಸಂಚಾರದ 1949ರ ಜಿನೀವಾ ಒಪ್ಪಂದದ್ದು, ಅವರು ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ್ದು. ಬಾಡಿಗೆ ಬೈಕಿನ ಅಂಗಡಿಯವರು ಏನೂ ಕೇಳದೆ ಕೀ ಕೊಡಬಹುದು, ಅದನ್ನು ನಂಬಿ ಸುಮ್ನೆ ಹೊರಡಬೇಡಿ, ಯಾಕಂದ್ರೆ ಬಿದ್ದು ಕಾಲು ಮುರಿದರೆ ದಂಡದ ಜೊತೆಗೆ ಪ್ರಯಾಣ ವಿಮೆಯವರೂ ಸರಿಯಾದ ಲೈಸೆನ್ಸ್ ಇರಲಿಲ್ಲ ಅಂತ ಕೈ ಎತ್ತಬಹುದು, ಆಗ ಆಸ್ಪತ್ರೆ ಖರ್ಚೆಲ್ಲ ನಿಮ್ಮ ತಲೆಗೇ. ನನಗೆ ಜಾಸ್ತಿ ಭಯ ಇದರದ್ದೇ. ಹಾ ಜಿಯಾಂಗ್ ಬೆಟ್ಟದ ದಾರಿ ನೋಡಲೇಬೇಕು ಅಂತಿದ್ದರೆ ಅಲ್ಲಿನ ಸವಾರರ ಹಿಂದೆ ಕೂತು ಹೋಗಿ, ಅಂಥ ವ್ಯವಸ್ಥೆ ಇದೆ.

ಸ್ವಂತ ಬೈಕೇ ಬೇಕು, ಸಮಯವೂ ಇದೆ ಅಂದರೆ ನೇಪಾಳ. ಭಾರತದ ಲೈಸೆನ್ಸೇ ಸಾಕು. ಗಡಿಯಲ್ಲಿ ದಿನದ ಲೆಕ್ಕಕ್ಕೆ ಭನ್ಸಾರ್ (ವಾಹನದ ಮೇಲಿನ ಗಡಿ ಸುಂಕ) ಕಟ್ಟಿ, ರಸೀದಿ ಜೋಪಾನ ಮಾಡಿ. ಅವಧಿ ಮೀರಿದರೆ ದಂಡ. ನಿಮ್ಮ ಬೈಕ್ ವಿಮೆ ಗಡಿಯಾಚೆಗೂ ನಡೆಯುತ್ತಾ ಅಂತ ಕಂಪನಿಯಿಂದ ಬರಹದಲ್ಲೇ ತಗೊಂಡು ಹೊರಡಿ.